ಅಲ್ಪಾರಂಭದ ಯಾತ್ರಿಕಶಾಲೆ: ಮಲಪ್ರಭೆಯ ತೀರದ ಪಾಠ

ಕಲ್ಲಿನ ತಳಪಾಯ, ಮಣ್ಣಿನ ದಪ್ಪ ಗೋಡೆ, ಮೇಲ್ಮುದ್ದೆಯ ಮಾಳಿಗೆ: ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯ ಸೀಮೆಯಲ್ಲಿ ಹಿರಿಯರು ರೂಢಿಸಿಕೊಂಡಿದ್ದ ಕಟ್ಟಡಕ್ರಮವಿದು. ಹತ್ತಿರ ದೊರೆತುದರಿಂದಲೇ ಕಟ್ಟಿ, ಬಿರುಬಿಸಿಲಿನಲ್ಲಿಯೂ ತಂಪಾಗಿರುವುದು ಅದರ ಗುಣ. ಈ ತಾಲ್ಲೂಕನ್ನು ಹಾಯ್ದು ಹರಿಯುವ ಮಲಪ್ರಭೆಯು ಮುಂದೆ ಪಟ್ಟದಕಲ್ಲು, ಐಹೊಳೆಗಳನ್ನು ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ಕ್ಷೇತ್ರಗಳ ಶಿಲ್ಪಿಗಳೂ ಇದೇ ನೀತಿಯನ್ನು ಪಾಲಿಸಿದವರು.

ಇಮ್ಮಡಿ ಪುಲಕೇಶಿಯ ಕಾಲದಲ್ಲಿ, ಕ್ರಿ.ಶ. 634ರಲ್ಲಿ, ರವಿಕೀರ್ತಿಯು ಐಹೊಳೆಯ ಬೆಟ್ಟದ ಮೇಲೆ ಜಿನಾಲಯವನ್ನು ಮಾಡಿಸಿದನು. ಇಂದು ಮೇಗುಟಿಯೆಂದು ಹೆಸರಾದ ಆ ಬಸದಿಗೆ ಒದಗಿದುದು ಆ ಪ್ರದೇಶದ ಮರಳುಗಲ್ಲು. ಊರೊಳಗಿನ ಲಾಡಖಾನ ಗುಡಿಯ ಇಳಿಜಾರು ಮಾಡಿನಲ್ಲಿ ಚಪ್ಪಡಿಗಳ ಸಂದುಗಳ ಮೇಲೆ ಉದ್ದನೆಯ ಕಲ್ಲುಪಟ್ಟಿಗಳನ್ನು ಹೊದಿಸಿದ್ದಾರೆ. ಮರದ ಮನೆಯ ಪದ್ಧತಿಯು ಅಲ್ಲಿ ಕಲ್ಲಿಗೆ ಇಳಿದಿದೆ.

ಪಟ್ಟದಕಲ್ಲು 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಇಂಥ ಸ್ಥಳಗಳಿಗೆ ಬರುವವರಿಗೆ ನೆರಳು, ಕುಡಿಯುವ ನೀರು, ಶೌಚಗೃಹ, ಸ್ಥಳಪರಿಚಯದ ಪಡಸಾಲೆ ಬೇಕೇ ಬೇಕು. ಅವನ್ನು ಹೇಗೆ ಕಟ್ಟಬೇಕೆಂಬುದು ಕೇವಲ ಎಂಜಿನಿಯರರ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆಯೂ ಹೌದು. ಗೃಹಸ್ಥನಿಗೆ ಆರಂಭೀ ಹಿಂಸೆಯು ಪೂರ್ಣವಾಗಿ ತಪ್ಪದು. ಆದರೆ ಅದನ್ನು ಕುಗ್ಗಿಸುವುದು ಅವನ ಕೈಯಲ್ಲಿದೆ. ಇಟ್ಟಿಗೆಯ ಭಟ್ಟಿ, ಸುಣ್ಣಕಲ್ಲನ್ನು ಸುಟ್ಟು ಮಾಡುವ ಸಿಮೆಂಟು, ದೂರದಿಂದ ತರಿಸುವ ಸಂಗಮರವರಿ ಇವೆಲ್ಲವುಗಳ ಹಿಂದೆ ಬೆಂಕಿಯೂ ಗಣಿಯೂ ಇವೆ. ಹತ್ತಿರದ ಕಲ್ಲು, ಹದಗೊಳಿಸಿದ ಮಣ್ಣು, ಕಡಿಮೆ ಎತ್ತರ, ಗಾಳಿಯಾಡುವ ಬೆಳಕಿಂಡಿ ಇವುಗಳಿಂದ ಆರಂಭವು ಅಲ್ಪವಾಗುತ್ತದೆ.

ಹಾಗೆಂದು ಮಣ್ಣೆಂಬ ಹೆಸರೊಂದೇ ಸಾಲದು. 2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ಪಟ್ಟದಕಲ್ಲಿನ ದೇಗುಲಗಳೊಳಗೆ ನೀರು ನುಗ್ಗಿತು. ತೀರದ ಗ್ರಾಮಗಳಲ್ಲಿ ಅನೇಕ ಮಣ್ಣಿನ ಮನೆಗಳು ಕುಸಿದವು. ಆದುದರಿಂದ ನೆರೆಯ ಗಡಿಯಿಂದ ದೂರದ ನೆಲೆ, ಎತ್ತರದ ಕಲ್ಲುಜಗಲಿ, ಗೋಡೆಯನ್ನು ಮಳೆಯಿಂದ ಕಾಯುವ ಚಾಚಿದ ಸೂರು, ವರ್ಷವರ್ಷವೂ ದುರಸ್ತಿ ಇವು ಅವಶ್ಯ. ಬಲ್ಲ ಗಾರೆಯವನ ಕೈಗೆ ಕೆಲಸವಿಲ್ಲದಿದ್ದರೆ ಈ ವಿದ್ಯೆಯೇ ಅಳಿಯುತ್ತದೆ.

ಯಾತ್ರಿಕರಿಗಾಗಿ ದ್ರವ್ಯವನ್ನೀಯುವ ಶ್ರಾವಕರು ಇದನ್ನು ಮನನ ಮಾಡಬೇಕು. ಬಸದಿಗಿಂತ ಎತ್ತರವಾಗಿ ಹೊಳೆಯುವ ವಸತಿಗೃಹವೂ ಅದರ ಗೋಡೆಯ ನಾಮಫಲಕವೂ ದಾನದೊಳಗೆ ಪರಿಗ್ರಹವನ್ನು ಬೆರೆಸುತ್ತವೆ. ಕಟ್ಟುವ ಹಣದಲ್ಲಿ ಒಂದು ಪಾಲನ್ನು ದುರಸ್ತಿಗೆಂದು ಮೀಸಲಿಟ್ಟ ದಾನಿಯೇ ಕ್ಷೇತ್ರಕ್ಕೆ ಹೆಚ್ಚಿನ ಉಪಕಾರಿ.