ಶಾರದೆಯ ಮದುವೆ ನಿಂತದ್ದು ಹೇಗೆ? ಬೆಳಗಾವಿ ಸೀಮೆಯ ಸ್ತ್ರೀಶಿಕ್ಷಣ ಕಥನಗಳ ಒಂದು ಓದು

ಹತ್ತೊಂಬತ್ತನೆಯ ಶತಮಾನದ ಹೆಣ್ಣುಮಕ್ಕಳ ಓದು ಮತ್ತು ಮದುವೆಯ ಒತ್ತಾಯವನ್ನು ‘ಡಾಕ್ಟರ್ ರಖಮಾಬಾಯಿ’ (2016), ‘ಆನಂದಿ ಗೋಪಾಳ’ (2019) ಎಂಬ ಮರಾಠಿ ಚಿತ್ರಗಳು ತೆರೆಗೆ ತಂದವು. ಎರಡೂ ಮುಂಬಯಿ ಪ್ರಾಂತದ ಕಥೆಗಳು. ಬೆಳಗಾವಿ, ಖಾನಾಪುರಗಳೂ ಆಗ ಅದೇ ಪ್ರಾಂತದಲ್ಲಿದ್ದವು. ಈ ವಸ್ತು ಸಿನಿಮಾಕ್ಕಿಂತ ಬಹಳ ಮೊದಲೇ ನಮ್ಮ ರಂಗಭೂಮಿಗೆ ಬಂದಿತ್ತು. ಅಲ್ಲಿ ಹುಡುಗಿಯನ್ನು ಬಿಡಿಸಿದವರು ಯಾರು ಎಂಬುದು ನನ್ನ ಪ್ರಶ್ನೆ.

ಬೆಳಗಾವಿಯ ಹೈಸ್ಕೂಲಿನಲ್ಲಿ ಓದಿ, ಅಲ್ಲಿಯೇ ಕೆಲಕಾಲ ಶಿಕ್ಷಕರಾಗಿದ್ದವರು ಗೋವಿಂದ ಬಲ್ಲಾಳ ದೇವಲ. ಅವರ ಮರಾಠಿ ನಾಟಕ ‘ಶಾರದಾ’ 1899ರಲ್ಲಿ ರಂಗಕ್ಕೆ ಬಂತು. ದುಡ್ಡಿನಾಸೆಯ ಕಾಂಚನಭಟ್ಟ ಮಗಳು ಶಾರದೆಯನ್ನು ಮುದುಕ ಭುಜಂಗನಾಥನಿಗೆ ಕೊಡಲು ಹೊರಡುತ್ತಾನೆ. ಮದುವೆ ನಿಲ್ಲುವುದು ಹುಡುಗಿ ಒಲ್ಲೆನೆಂದದ್ದಕ್ಕಲ್ಲ, ವಯಸ್ಸಿನ ಅಂತರಕ್ಕೂ ಅಲ್ಲ. ವರನೂ ವಧುವೂ ಸಗೋತ್ರರೆಂದು ಬಯಲಾದದ್ದಕ್ಕೆ. ಇದನ್ನು ನಾಟಕಕಾರನ ಹಿಂಜರಿಕೆ ಎಂದು ಬಿಟ್ಟುಬಿಡುವುದು ಸರಿಯಲ್ಲ. 1891ರ ಸಮ್ಮತಿ ವಯಸ್ಸಿನ ಕಾಯ್ದೆ ಸಮಾಗಮದ ವಯಸ್ಸನ್ನು 10ರಿಂದ 12ಕ್ಕೆ ಏರಿಸಿತ್ತು, ಅಷ್ಟೆ. ಮದುವೆಯ ವಯಸ್ಸನ್ನು ಅದು ಮುಟ್ಟಲಿಲ್ಲ. ಭುಜಂಗನಾಥನ ಮದುವೆಯನ್ನು ತಡೆಯಬಲ್ಲ ಕಾನೂನೇ ಆಗ ಇರಲಿಲ್ಲವಾದ್ದರಿಂದ ದೇವಲರು ಶಾಸ್ತ್ರವನ್ನೇ ಶಾಸ್ತ್ರದ ವಿರುದ್ಧ ನಿಲ್ಲಿಸಿದರು. ಹುಡುಗಿಯರಿಗೆ 14 ವರ್ಷವೆಂದು ಗೊತ್ತುಮಾಡಿದ ಸಾರ್ಡಾ ಕಾಯ್ದೆ (ಬಾಲ್ಯವಿವಾಹ ತಡೆ ಕಾಯ್ದೆ) ಜಾರಿಗೆ ಬಂದದ್ದು 1930ರ ಏಪ್ರಿಲ್‌ನಲ್ಲಿ.

ಶಾರದೆಯ ದುಃಖವನ್ನು ಹಾಡಿದವರೂ ಗಂಡಸರೇ. ಬಾಲಗಂಧರ್ವರು ಆ ಪಾತ್ರಕ್ಕೆ ಹೆಸರಾದರು. ಆದರೆ ಅದೇ ಪ್ರಾಂತದಲ್ಲಿ ರಖಮಾಬಾಯಿ, 1887ರ ತೀರ್ಪು ಗಂಡನ ಮನೆಗೆ ಹೋಗೆಂದಾಗ, ಹೋಗುವುದಕ್ಕಿಂತ ಸೆರೆವಾಸವೇ ಲೇಸೆಂದಿದ್ದರು. ನ್ಯಾಯಾಲಯದಲ್ಲಿ ಹೆಣ್ಣೊಬ್ಬಳು ಆಡಿದ ಮಾತನ್ನು ಹನ್ನೆರಡು ವರ್ಷಗಳ ಮೇಲೂ ರಂಗಭೂಮಿ ತನ್ನ ನಾಯಕಿಯ ಬಾಯಲ್ಲಿ ಆಡಿಸಲಿಲ್ಲ.

ಕನ್ನಡ ಇಲ್ಲಿ ಹಿಂದುಳಿದಿರಲಿಲ್ಲ. ಕರ್ಕಿ ವೆಂಕಟರಮಣ ಶಾಸ್ತ್ರಿ ಸೂರಿಗಳ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ 1887ರಷ್ಟು ಹಿಂದೆಯೇ ಕನ್ಯಾವಿಕ್ರಯವನ್ನು ಬಯಲಿಗೆಳೆದಿತ್ತು. ಗಡಿಭಾಗದ ರಂಗಚರಿತ್ರೆಯಲ್ಲಿ ಈ ಎರಡು ಕೃತಿಗಳನ್ನು ಜೊತೆಗಿಟ್ಟು ಓದಬೇಕು.

ಓದು ಬಂದ ದಾರಿಯೂ ಹೆಚ್ಚಾಗಿ ಮನೆಯ ಗಂಡಸರ ಮರ್ಜಿಯದೇ. ‘ಆನಂದಿ ಗೋಪಾಳ’ದ ಆನಂದಿಬಾಯಿಗೆ ಓದು ಕೊಡಿಸಿದವರು ಗಂಡ ಗೋಪಾಳರಾಯರು. ಹದಿಮೂರಕ್ಕೆ ಮದುವೆಯಾದ ಉಮಾಬಾಯಿ ಕುಂದಾಪುರರಿಗೆ ಮಾವ. ಆದರೆ ಉಮಾಬಾಯಿಯವರ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಮದುವೆಯ ನಂತರ ಮೆಟ್ರಿಕ್ ಮುಗಿಸಿ, 1923ರಲ್ಲಿ ವಿಧವೆಯಾಗಿ, ಹುಬ್ಬಳ್ಳಿಯಲ್ಲಿ ತಿಲಕ ಕನ್ಯಾಶಾಲೆಯ ಹೊಣೆ ಹೊತ್ತರು. 1924ರ ಡಿಸೆಂಬರ್‌ನ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕಟ್ಟಿ ತಂದರು; ಅವರಲ್ಲಿ ವಿಧವೆಯರೂ ಇದ್ದರು. ಮಡಿಯ ಮೂಲೆಯಿಂದ ಹೊರಬಂದು ಬೆಳಗಾವಿಯ ಬಯಲಲ್ಲಿ ನಿಂತ ಆ ಹೆಂಗಸರು ಶಾರದೆಗಿಂತ ದೊಡ್ಡ ಕಥಾವಸ್ತು ಎಂಬುದು ನನ್ನ ನಂಬಿಕೆ.

ಕನ್ನಡ ತೆರೆಯಲ್ಲಿ ಮೊದಲ ದೊಡ್ಡ ತಿರುವು ‘ಫಣಿಯಮ್ಮ’ (1983): ಕಾದಂಬರಿ ಎಂ.ಕೆ. ಇಂದಿರಾ ಅವರದು, ನಿರ್ದೇಶನ ಪ್ರೇಮಾ ಕಾರಂತರದು. ಬಾಲವಿಧವೆಯ ಬಾಳನ್ನು ಹೆಣ್ಣೇ ನೋಡಿ, ಹೆಣ್ಣೇ ತೋರಿಸಿದ್ದು.

ಇಂದು ಮದುವೆಗೆ ಹುಡುಗಿಗೆ 18 ತುಂಬಿರಬೇಕು. ಕರ್ನಾಟಕದ ತಿದ್ದುಪಡಿ ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧುಗೊಳಿಸಿದೆ. ಆದರೆ ಕಾನೂನೊಂದರಿಂದಲೇ ಹುಡುಗಿಯ ಓದು ಮುಂದುವರಿಯದು. ಖಾನಾಪುರ ತಾಲೂಕಿನ ಭೀಮಗಡ ಕಾಡಿನೊಳಗಿನ ಆಮಗಾಂವದಂಥ ಊರಿಗೆ ಮಳೆಗಾಲದಲ್ಲಿ ದಾರಿಯೇ ಕಡಿದುಹೋಗುತ್ತದೆ. ಅಂಥಲ್ಲಿ ಹುಡುಗಿಯ ಓದನ್ನು ಹಳ್ಳದ ನೀರೂ ನಿರ್ಧರಿಸುತ್ತದೆ. ಈ ಸೀಮೆಯ ಚಿತ್ರ ಮಾಡುವವರೂ ಸಂಶೋಧಕರೂ ಮೊದಲು ಬೆಳಗಾವಿ, ಖಾನಾಪುರಗಳ ಹಳೆಯ ಕನ್ನಡ, ಮರಾಠಿ ಶಾಲೆಗಳ ದಾಖಲೆ ಪುಸ್ತಕಗಳನ್ನು ತೆರೆಯಲಿ. ಹುಡುಗಿಯರು ಯಾವ ಇಯತ್ತೆಯಲ್ಲಿ, ಯಾವ ವಯಸ್ಸಿನಲ್ಲಿ, ಏಕೆ ಶಾಲೆ ಬಿಟ್ಟರೆಂಬುದನ್ನು ನಾಟಕಗಳಿಗಿಂತ ಮೊದಲು ಹುಡುಕಬೇಕಾದದ್ದು ಅಲ್ಲಿ.