ಬೆಳಗಾವಿ ಸೀಮೆಯ ಹಿಮ್ಮೇಳ: ಹಾದಿಯಿಂದ ಧ್ವನಿಮುದ್ರಿಕೆಗೆ

ಬೆಳಗಾವಿ ಸೀಮೆಯಲ್ಲಿ ದೇವರ ಹಾಡನ್ನು ಒಬ್ಬರೇ ಕೂತು ಹಾಡುವುದು ಕಡಿಮೆ. ಭಜನಿ ಅಂದರೆ ಎಂಟು ಹತ್ತು ಮಂದಿ, ಚೌಡಿಕೆ ಅಂದರೆ ಮೂರು ನಾಲ್ಕು ಮಂದಿ, ದಿಂಡಿ ಅಂದರೆ ಓಣಿಗೆ ಓಣಿಯೇ. ಪೇಟಿ ಒಬ್ಬರ ಕೈಯಲ್ಲಿ, ದಮ್ಮಡಿ ಇನ್ನೊಬ್ಬರ ಕೈಯಲ್ಲಿ, ತಾಳ ಮಾತ್ರ ಎಲ್ಲರ ಕೈಯಲ್ಲೂ. ಮುಂದೆ ಕೂತವನು ಒಂದು ನುಡಿ ಹೇಳಿ ಬಿಟ್ಟರೆ ಹಿಂದಿನವರು ಅದನ್ನು ಎತ್ತಿಕೊಂಡು ಏರಿಸುತ್ತಾರೆ. ಹಾಡಿನ ಅರ್ಧಕ್ಕಿಂತ ಹೆಚ್ಚು ಭಾರ ಹೊರುವವರು ಈ ಹಿಂದಿನವರೇ. ಆದರೂ ಈ ಸೀಮೆಯ ಭಕ್ತಿಸಂಗೀತದ ಚರಿತ್ರೆ ಎಂದು ನಮ್ಮ ಮುಂದಿರುವುದು ಒಬ್ಬೊಬ್ಬ ಗವಾಯಿಯ ಹೆಸರಿನ ಸಾಲು. ಧ್ವನಿಮುದ್ರಣದ ಯಂತ್ರ ನಮ್ಮ ಕಡೆಗೆ ಬಂದ ಬಗೆಯೇ ಇದಕ್ಕೆ ಬಹುಮಟ್ಟಿಗೆ ಕಾರಣ. ಅದು ಮುಮ್ಮೇಳವನ್ನು ಹಿಡಿದುಕೊಂಡಿತು, ಹಿಮ್ಮೇಳವನ್ನು ಹಾದಿಯಲ್ಲೇ ಬಿಟ್ಟಿತು.

ಹಾಗೆ ಆಗಲೇಬೇಕಾಗಿತ್ತು ಎಂದೇನಿಲ್ಲ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಮಾರ್ಮನ್ ಪಂಥದವರು 1847ರಲ್ಲಿ ಕಟ್ಟಿದ ಟ್ಯಾಬರ್ನಕಲ್ ಗಾಯನವೃಂದದಲ್ಲಿ ಇಂದು 360 ಮಂದಿ ಹಾಡುಗಾರರಿದ್ದಾರೆ, ಎಲ್ಲರೂ ಸಂಬಳವಿಲ್ಲದವರು. 1910ರಲ್ಲಿ ಅವರ ಮೊದಲ ಧ್ವನಿಮುದ್ರಣ, 1929ರಿಂದ ವಾರವಾರದ ರೇಡಿಯೋ, 1999ರಲ್ಲಿ ಜೊತೆಗೊಂದು ಸ್ವಂತ ವಾದ್ಯವೃಂದ. ಅಲ್ಲಿ ತಟ್ಟೆಯ ಮೇಲೆ ಅಚ್ಚಾಗುವುದು ವೃಂದದ ಹೆಸರು, ಹಾಡುಗಾರರ ಹೆಸರಲ್ಲ. ಈ ವೃಂದ ತನ್ನ ಮೊದಲ ದೊಡ್ಡ ಪ್ರವಾಸ ಹೋದದ್ದು 1893ರ ಸೆಪ್ಟೆಂಬರಿನಲ್ಲಿ, ಷಿಕಾಗೋದ ಜಾಗತಿಕ ಮೇಳಕ್ಕೆ. ಅಲ್ಲಿನ ಗಾಯನ ಸ್ಪರ್ಧೆಯಲ್ಲಿ ಎರಡನೆಯ ಬಹುಮಾನ ಪಡೆಯಿತು. ಅದೇ ತಿಂಗಳು ಅದೇ ಊರಿನ ಸರ್ವಧರ್ಮ ಸಮ್ಮೇಳನದಲ್ಲಿ ಮಾತಾಡಿದ ವಿವೇಕಾನಂದರು ಅದಕ್ಕೆ ಹನ್ನೊಂದು ತಿಂಗಳ ಹಿಂದೆ, 1892ರ ಅಕ್ಟೋಬರಿನಲ್ಲಿ, ಬೆಳಗಾವಿಯಲ್ಲಿದ್ದರು. ವಕೀಲ ಭಾಟೆಯವರ ಮನೆಯಲ್ಲಿ ಕೆಲವು ದಿನ, ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ಕೆಲವು ದಿನ ಉಳಿದು ಅಲ್ಲಿಂದ ಗೋವೆಯ ಕಡೆಗೆ ರೈಲು ಹತ್ತಿದರು. ಪಖವಾಜು ಬಲ್ಲ, ಧ್ರುಪದ ಹಾಡಬಲ್ಲ ಸಂನ್ಯಾಸಿ ಅವರು. ಮುಂದೆ ಅವರು ರಚಿಸಿದ ಸಂಜೆಯ ಆರತಿಯ ಹಾಡನ್ನು ಎಲ್ಲ ರಾಮಕೃಷ್ಣ ಆಶ್ರಮಗಳಲ್ಲೂ ಸೇರಿದವರೆಲ್ಲ ಒಟ್ಟಾಗಿ ಹಾಡುತ್ತಾರೆ, ಬೆಳಗಾವಿ ಕೋಟೆಯೊಳಗಿನ ಆಶ್ರಮದಲ್ಲೂ.

ಆ ರೈಲಿನ ಹಾದಿಯನ್ನು ಸ್ವಲ್ಪ ನೋಡಬೇಕು. ದಕ್ಷಿಣ ಮರಾಠಾ ರೈಲ್ವೆ 1880ರ ದಶಕದ ಕೊನೆಗೆ ಮಿರಜ, ಬೆಳಗಾವಿ, ಖಾನಾಪುರ, ಲೋಂಡಾಗಳನ್ನು ಒಂದೇ ಎಳೆಯಲ್ಲಿ ಪೋಣಿಸಿತು. ಲೋಂಡಾ ಖಾನಾಪುರ ತಾಲೂಕಿನ ಕಾಡಂಚಿನ ಜಂಕ್ಷನ್. ಅಲ್ಲಿಂದ ಒಂದು ಕವಲು ಗೋವೆಗೆ, ಇನ್ನೊಂದು ಧಾರವಾಡ, ಹುಬ್ಬಳ್ಳಿಗೆ. ಮಿರಜದಲ್ಲಿ ತಂಬೂರಿ ಮಾಡುವ ಮನೆತನಗಳಿದ್ದವು, ಗವಾಯಿ ಅಬ್ದುಲ್ ಕರೀಮ್ ಖಾನರು ನೆಲೆ ನಿಂತದ್ದೂ ಅಲ್ಲೇ. ಗೋವೆಯಲ್ಲಿ ಚರ್ಚಿನ ಶಾಲೆಗಳಿಂದ ಪಿಟೀಲು ಕಲಿತು ಹೊರಬೀಳುವ ಹುಡುಗರಿದ್ದರು. ಧಾರವಾಡದ ಕಡೆ ಮಠಗಳಿದ್ದವು, ಕೇಳುವ ಕಿವಿಗಳಿದ್ದವು. ಹಿಂದುಸ್ತಾನಿ ಸಂಗೀತ ಕನ್ನಡ ನಾಡಿಗೆ ಹೇಗೆ ಬಂತೆಂದು ಕೇಳಿದಾಗ ನಾವು ಮೈಸೂರು ಅರಮನೆಯ ಹೆಸರನ್ನೂ ಸಂಸ್ಥಾನಿಕರ ಹೆಸರನ್ನೂ ಹೇಳುತ್ತೇವೆ. ಮೂರನೆಯ ದರ್ಜೆಯ ಡಬ್ಬಿಯ ಹೆಸರನ್ನೂ ಹೇಳಬೇಕು ಅನಿಸುತ್ತದೆ ನನಗೆ.

ರೈಲಿಗಿಂತ ಹಳೆಯದು ಕಾಲುನಡಿಗೆ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಹೋಗುವ ಜೋಗತಿಯರ ಮೇಳವೆಂದರೆ ಹಾಡು, ವಾದ್ಯ, ಪ್ರಯಾಣ ಮೂರೂ ಒಂದೇ ಆದ ಕಲೆ. ಒಂದು ಚೌಡಿಕೆ, ಒಂದು ಶ್ರುತಿ, ತಾಳ, ತಲೆಯ ಮೇಲೆ ಕೊಡ. ಖಾನಾಪುರದ ಪಶ್ಚಿಮದ ಹಳ್ಳಿಗಳಲ್ಲಿ ಇದರ ಜಾಗದಲ್ಲಿ ವಾರಕರಿಗಳ ದಿಂಡಿ ಇದೆ. ಹರಿನಾಮ ಸಪ್ತಾಹ ಶುರುವಾದರೆ ಏಳು ದಿನ ವೀಣೆ ನೆಲ ಮುಟ್ಟುವಂತಿಲ್ಲ. ಪಾಳಿಯ ಮೇಲೆ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟುತ್ತಲೇ ಇರಬೇಕು. ನುಡಿಸಾಣಿಕೆ ಇಲ್ಲಿ ಮುಖ್ಯವಲ್ಲ, ಹೊತ್ತು ನಿಲ್ಲುವುದು ಮುಖ್ಯ. ಅದೇ ತಾಲೂಕಿನ ಪೂರ್ವಕ್ಕೆ, ಬೀಡಿ, ಇಟಗಿ, ಕಕ್ಕೇರಿಗಳ ಕಡೆ ಬಂದರೆ ಮಾತು ಕನ್ನಡ, ಹಾಡು ತತ್ವಪದ. ನಿಜಗುಣರು, ಸರ್ಪಭೂಷಣರು, ಶಿಶುನಾಳ ಶರೀಫರು, ಕಡಕೋಳ ಮಡಿವಾಳಪ್ಪನವರು. ಎರಡರ ನಡುವೆ ಬೇಲಿ ಇದೆ ಎಂದುಕೊಳ್ಳಬೇಡಿ. ವಿಠ್ಠಲನನ್ನು ಕಾನಡಿಗನೆಂದು ಕರೆದವರು ಜ್ಞಾನೇಶ್ವರರೇ, ಪಂಢರಿಯ ದೇವರ ಹೆಸರನ್ನೇ ಅಂಕಿತ ಮಾಡಿಕೊಂಡವರು ನಮ್ಮ ದಾಸರು. ಬೆಳಗಾವಿಯ ಹಿಂದವಾಡಿಯಲ್ಲಿ ಗುರುದೇವ ರಾನಡೆಯವರ ಹೆಸರಿನ ಮಂದಿರವಿದೆ. ಅವರ ನಿಂಬರಗಿ ಸಂಪ್ರದಾಯದ ನಿತ್ಯಭಜನೆಯಲ್ಲಿ ಕನ್ನಡ ಪದವೂ ಮರಾಠಿ ಅಭಂಗವೂ ಒಂದರ ಬೆನ್ನಿಗೆ ಒಂದು ಬರುತ್ತವೆ. ಗಡಿ ಜಗಳದ ಸುದ್ದಿ ಓದಿ ಈ ಊರನ್ನು ಬಲ್ಲವರಿಗೆ ಇದು ಸೋಜಿಗ, ಹಾಡುವವರಿಗೆ ದಿನನಿತ್ಯದ ಸಂಗತಿ.

ಪ್ರವಾಸವನ್ನು ಕಸುಬಾಗಿಸಿಕೊಂಡವರು ಆಟದ ಮೇಳದವರು. ಗೋಕಾಕ ಸೀಮೆಯ ಕುಲಗೋಡದ ತಮ್ಮಣ್ಣ ತಿದ್ದಿ ರೂಪಿಸಿದ ಶ್ರೀಕೃಷ್ಣ ಪಾರಿಜಾತ ರಾತ್ರಿಯಿಡೀ ನಡೆಯುವ ಹಾಡಿನಾಟ. ಕೌಜಲಗಿ ನಿಂಗಮ್ಮ ತಮ್ಮ ಮೇಳದೊಂದಿಗೆ ಅದನ್ನು ಊರೂರಿಗೆ ಒಯ್ದು ಹೆಸರಾದರು. ಮರಾಠಿ ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಹುಟ್ಟಿದ್ದು ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅತ್ತ ಗದಗಿನ ಕಡೆ, ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳು (1892–1944) ಅಂಧ ಮಕ್ಕಳನ್ನೂ ಬಡ ಮಕ್ಕಳನ್ನೂ ಕಟ್ಟಿಕೊಂಡು ಊರಿಂದೂರಿಗೆ ತಿರುಗುವ ಸಂಗೀತಶಾಲೆಯನ್ನೇ ನಡೆಸಿದರು. ಅದಕ್ಕೆ ನಾಟಕ ಮಂಡಳಿಯೂ ಸೇರಿತು. ಶಾಲೆಯ ಖರ್ಚನ್ನು ಆಟ ಹೊರಬೇಕು, ಆಟಕ್ಕೆ ಬೇಕಾದ ಕಂಠಗಳನ್ನು ಶಾಲೆ ಕೊಡಬೇಕು. ಧಾರ್ಮಿಕ ಗಾಯನವೃಂದವೊಂದು ವಾದ್ಯಸಮೇತ ಪ್ರವಾಸ ಮಾಡುವುದೆಂದರೆ ನಮ್ಮಲ್ಲಿ ಇದಕ್ಕಿಂತ ಪೂರ್ಣ ಉದಾಹರಣೆ ಸಿಗಲಾರದು. ಬಸವರಾಜ ರಾಜಗುರು, ಪುಟ್ಟರಾಜ ಗವಾಯಿ ಆ ಬಳಗದಿಂದ ಬಂದವರು.

ಈ ತಿರುಗಾಟದ ನಡುವೆ ಗ್ರಾಮೋಫೋನ್ ಬಂತು. 1902ರಲ್ಲಿ ಗ್ರಾಮೋಫೋನ್ ಕಂಪನಿಯ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನರ ಹಾಡು ಹಿಡಿದಾಗ ಮೈಕು ಇರಲಿಲ್ಲ. ದೊಡ್ಡ ಕಹಳೆಯೊಂದರ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು, ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿಸಬೇಕು. ಕಹಳೆಯ ಮುಂದೆ ಒಬ್ಬರಿಗೆ ಜಾಗ. ಹತ್ತು ಮಂದಿ ಭಜನಿಯವರು ಒಟ್ಟಿಗೆ ಕೂಗಿದರೆ ಗದ್ದಲವಷ್ಟೇ ದಾಖಲಾದೀತು, ತಾಳವಂತೂ ಮಿಕ್ಕ ಎಲ್ಲವನ್ನೂ ನುಂಗಿಬಿಡುತ್ತದೆ. 1925ರ ನಂತರ ವಿದ್ಯುತ್ ಮೈಕು ಬಂದು ಆ ಅಡಚಣೆ ಕಡಿಮೆಯಾಯಿತು. ಅಷ್ಟು ಹೊತ್ತಿಗೆ ವ್ಯಾಪಾರದ ಅಭ್ಯಾಸ ಗಟ್ಟಿಯಾಗಿತ್ತು: ತಟ್ಟೆಯ ನಡುವಿನ ಚೀಟಿಯ ಮೇಲೆ ಒಂದೇ ಹೆಸರು, ಅದೂ ಮಾರಾಟವಾಗುವ ಹೆಸರು. ಗಾಯಕಿ ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳು 1930ರ ದಶಕದ ಆರಂಭದಲ್ಲಿ ಹೊರಬಿದ್ದಾಗ ಚೀಟಿಯ ಮೇಲಿದ್ದದ್ದು ‘ಗಾಂಧಾರಿ’ ಎಂಬ ಹೆಸರು. ಹಾಡುವವರ ಹೆಸರಿಗೇ ಈ ಗತಿಯಾದರೆ ತಬಲಾದವನ ಪಾಡೇನು! ಅದೇ ಗಂಗೂಬಾಯಿ 1924ರ ಡಿಸೆಂಬರಿನಲ್ಲಿ, ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ಸಿನಲ್ಲಿ, ಹುಯಿಲಗೋಳ ನಾರಾಯಣರಾಯರ ನಾಡಗೀತೆ ಹಾಡಿದ ಮಕ್ಕಳ ಗುಂಪಿನಲ್ಲಿ ಒಬ್ಬರಾಗಿದ್ದರು. ಆ ಗುಂಪಿನ ಮಿಕ್ಕವರು ಯಾರೆಂದು ಇಂದು ಯಾರೂ ಕೇಳುವುದಿಲ್ಲ.

ಗ್ರಾಮೋಫೋನು ಹಾಡುವವರನ್ನು ಒಯ್ದದ್ದಷ್ಟೇ ಅಲ್ಲ, ಹಾಡುವವರನ್ನು ಹುಟ್ಟಿಸಿತು ಕೂಡ. ಬೆಳಗಾವಿಗೆ ಹತ್ತಿರದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಚಿಕ್ಕ ಹುಡುಗನಾಗಿದ್ದಾಗಲೇ ದೊಡ್ಡ ಗವಾಯಿಗಳ ತಟ್ಟೆಗಳನ್ನು ಕೇಳಿ ಒಂದು ಮುರ್ಕಿಯೂ ತಪ್ಪದಂತೆ ಹಾಡಿ ತೋರಿಸುತ್ತಿದ್ದ. ಸ್ವಾಮಿಗಳೊಬ್ಬರು ಅವನನ್ನು ಕುಮಾರ ಗಂಧರ್ವ ಎಂದರು, ಬಾಲಗವಾಯಿಯ ತಿರುಗಾಟ ಶುರುವಾಯಿತು. ಮುಂದೆ ಮುಂಬಯಿಯಲ್ಲಿ ದೇವಧರರ ಬಳಿ ಕಲಿತು, ಕ್ಷಯದಿಂದ ಎದ್ದು, ಮಾಳವಾದ ದೇವಾಸಿನಲ್ಲಿ ನಾಥಪಂಥಿ ಜೋಗಿಗಳ ಪದ ಕೇಳಿ ಹಾಡಿದ ನಿರ್ಗುಣ ಭಜನೆಗಳನ್ನು ನಾವೆಲ್ಲ ಬಲ್ಲೆವು. ಅಲ್ಲಿ ಪತ್ನಿ ವಸುಂಧರಾ ಕೋಮಕಲಿಯವರ ದನಿ ಕುಮಾರರ ಹಿಂದೆ ಬಂದು ಸೇರುವ ಗಳಿಗೆ ಇದೆಯಲ್ಲ, ಅದರಲ್ಲಿ ನನಗೆ ಮಾಳವಾ ಎಷ್ಟು ಕೇಳಿಸುತ್ತದೋ ಸುಳೇಭಾವಿ ಕಡೆಯ ಭಜನಿಯೂ ಅಷ್ಟೇ ಕೇಳಿಸುತ್ತದೆ. ಇದನ್ನು ಸಾಧಿಸಿ ತೋರಿಸುವಂತಿಲ್ಲ, ಆದರೂ ಬರೆದಿಡುತ್ತೇನೆ.

ವಚನಗಳು ಹಾಡಾದ ಕಥೆಗೂ ಬೆಳಗಾವಿಗೂ ನಂಟಿದೆ. ಫ. ಗು. ಹಳಕಟ್ಟಿಯವರು ಕೂಡಿಸಿದ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ ಅಚ್ಚು ಹಾಕದೆ ಹಿಂದಿರುಗಿಸಿತು. 1923ರಲ್ಲಿ ಅದನ್ನು ಅಚ್ಚು ಮಾಡಿದ್ದು ಬೆಳಗಾವಿಯ ಮಹಾವೀರ ಪ್ರೆಸ್ಸು. ತಾಡೋಲೆಯಿಂದ ಪುಸ್ತಕಕ್ಕೆ ಬಂದ ವಚನ ಅಲ್ಲಿಂದ ಬೈಠಕ್ಕಿಗೆ ಬಂತು. ಛಂದಸ್ಸಿಲ್ಲದ ಗದ್ಯಕ್ಕೆ ರಾಗ ಕೂಡಿಸುವುದು ಸುಲಭದ ಕೆಲಸವಲ್ಲ. ಪಲ್ಲವಿ ಎಲ್ಲಿ, ಸಮಕ್ಕೆ ಯಾವ ಮಾತು ಬೀಳಬೇಕು, ಅಂಕಿತವನ್ನು ಎಲ್ಲಿ ಇಳಿಸಬೇಕು ಎಂಬುದನ್ನೆಲ್ಲ ಹೊಸದಾಗಿ ಕಂಡುಕೊಳ್ಳಬೇಕಿತ್ತು. ಮಲ್ಲಿಕಾರ್ಜುನ ಮನಸೂರ (1910–1992), ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೂವರೂ ಮೂರು ಬಗೆಯಲ್ಲಿ ಕಂಡುಕೊಂಡರು. ಮನಸೂರರು ರಾಗವನ್ನು ಮಾತಿನ ಬೆನ್ನು ಹತ್ತಿಸಿದರು, ರಾಜಗುರುಗಳಲ್ಲಿ ರಂಗಗೀತೆಯ ತೇಜಿಯಿತ್ತು, ಜಂಬಲದಿನ್ನಿಯವರದು ಪ್ರಾರ್ಥನೆಗೆ ಹತ್ತಿರದ ದನಿ. ರಂಗದ ಮೇಲೆ ಈ ಕೆಲಸ ಮಾಡಿದವರು ಸವದತ್ತಿ ತಾಲೂಕಿನ ಏಣಗಿಯ ಬಾಳಪ್ಪನವರು (1914–2017). ಅವರ ಕಲಾವೈಭವ ನಾಟ್ಯಸಂಘದ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಬಸವಣ್ಣನ ವೇಷದಲ್ಲಿ ನಿಂತು ಅವರು ಹಾಡಿದ ವಚನಗಳನ್ನು ಕೇಳಿದ ಊರುಗಳು ಲೆಕ್ಕವಿಲ್ಲದಷ್ಟು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾದ ಮೇಲೆ ವಚನ, ದಾಸರ ಪದ ಎರಡೂ ಬೆಳಗಿನ ಚಹದ ಹೊತ್ತಿಗೆ ಮನೆಗಳನ್ನು ಮುಟ್ಟಿದವು. ರೇಡಿಯೋ ಒಂದು ಒಳ್ಳೆಯ ಕೆಲಸ ಮಾಡಿತು: ಪಕ್ಕವಾದ್ಯದವರ ಹೆಸರು ಹೇಳಿತು.

ನಾಲ್ಕು ಸ್ವರಭಾಗಗಳಲ್ಲಿ ಹಾಡುವ, ಬರೆದ ಸ್ವರ ನೋಡಿ ಹಾಡುವ ಗಾಯನವೃಂದ ಬೇಕೆಂದರೆ ಬೆಳಗಾವಿಯ ಕ್ಯಾಂಪಿನ, ಅಂದರೆ ದಂಡುಪ್ರದೇಶದ, ಚರ್ಚುಗಳ ಕಡೆ ಹೋಗಬೇಕು. ಲಂಡನ್ ಮಿಷನ್ನಿನವರು ಬಳ್ಳಾರಿಯಿಂದ ಬೆಳಗಾವಿಗೆ ಬಂದದ್ದು 1820ರಲ್ಲಿ. 1904ರಲ್ಲಿ ಅವರ ಕೆಲಸ ಮೆಥಡಿಸ್ಟರ ಕೈಗೆ ಹೋಯಿತು. ಹಾಡಿನ ಮಟ್ಟುಗಳು ಇಂಗ್ಲೆಂಡಿನವು, ಮಾತು ಕನ್ನಡದ್ದೋ ಮರಾಠಿಯದ್ದೋ. ನಾರಾಯಣ ವಾಮನ ಟಿಳಕರು (1861–1919) ಅಭಂಗದ ಧಾಟಿಯಲ್ಲಿ ಕ್ರಿಸ್ತಭಕ್ತಿಯ ಹಾಡು ಬರೆದ ಮೇಲೆ ಮರಾಠಿ ಆರಾಧನೆಯ ದನಿ ಬದಲಾಯಿತು. ಕನ್ನಡಕ್ಕೆ ಅಂಥ ಒಬ್ಬ ಕವಿ ಸಿಗಲಿಲ್ಲ ಎಂಬುದು ನನ್ನ ಅನಿಸಿಕೆ. ಬೆಳಗಾವಿ ಕಥೋಲಿಕ ಧರ್ಮಪ್ರಾಂತ 1953ರಲ್ಲಿ ಆಯಿತು, ಎರಡನೆಯ ವ್ಯಾಟಿಕನ್ ಸಭೆ 1963ರಲ್ಲಿ ಲ್ಯಾಟಿನ್ನಿನ ಜಾಗದಲ್ಲಿ ಜನರ ಮಾತಿಗೆ ಅನುಮತಿ ಕೊಟ್ಟಿತು. ಹಾರ್ಮೋನಿಯಮ್ಮು, ತಬಲಾಗಳು ಒಳಗೆ ಬಂದವು. ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಿ ಗೋವೆಯ ಜೆಸ್ವಿಟರು ಒಂದು ಹೆಜ್ಜೆ ಮುಂದೆ ಹೋಗಿ ಚರ್ಚನ್ನು ವಿರಕ್ತಮಠದ ರೂಪದಲ್ಲೇ ಕಟ್ಟಿದರು. ಕಾವಿ ಉಟ್ಟ ಪಾದ್ರಿ, ನೆಲದ ಮೇಲೆ ಕೂತ ಭಕ್ತರು. ಖಾನಾಪುರದ ಕೊಂಕಣಿ ಕಥೋಲಿಕರ ನೆಂಟಸ್ತಿಕೆ ಮಾತ್ರ ಗೋವೆಯ ಪಿಟೀಲಿನ ಕಡೆಗೇ ಉಳಿಯಿತು.

ಕ್ಯಾಸೆಟ್ಟಿನ ಕಾಲವನ್ನು ಬೇಗ ದಾಟಬಹುದು. 1980ರ ದಶಕದಲ್ಲಿ ಜಾತ್ರೆಯ ಅಂಗಡಿಗಳಲ್ಲಿ ಯಲ್ಲಮ್ಮನ ಹಾಡುಗಳ ಕ್ಯಾಸೆಟ್ಟುಗಳು ಕುಂಕುಮ, ಭಂಡಾರದ ಪಕ್ಕದಲ್ಲೇ ಕೂತವು. ರಾಮಕೃಷ್ಣ ಆಶ್ರಮದ ಸ್ವಾಮಿ ಪುರುಷೋತ್ತಮಾನಂದರ ಕನ್ನಡ ಭಜನೆಗಳು ಮನೆಮನೆಗೆ ಹೋದವು. ಸಿ. ಅಶ್ವಥ್ ಶರೀಫರನ್ನು ಬೆಂಗಳೂರಿಗೆ ಪರಿಚಯಿಸಿದರು. ಅದು ದೊಡ್ಡ ಕೆಲಸವೇ, ಆದರೆ ದಮ್ಮಡಿಯ ಮೇಲೆ ಶರೀಫರನ್ನು ಕೇಳಿ ಬೆಳೆದ ಕಿವಿಗೆ ಅದರಲ್ಲಿ ಸಿನಿಮಾದ ಸಜ್ಜು ಹೆಚ್ಚು ಕಾಣುತ್ತದೆ. ಭೀಮಸೇನ ಜೋಶಿಯವರ ದಾಸವಾಣಿ, ಸಂತವಾಣಿಗಳನ್ನು ಮಾತ್ರ ಇಲ್ಲಿ ಬೇರೆ ತೂಗಬೇಕು. ಎರಡು ಭಾಷೆಯ ಭಕ್ತಿಯನ್ನು ಒಂದೇ ಕಂಠ ಹೊತ್ತದ್ದಕ್ಕಷ್ಟೇ ಅಲ್ಲ. ಆ ಕಛೇರಿಗಳಲ್ಲಿ ತಾಳ ಹಿಡಿದು ಕೂರುತ್ತಿದ್ದ ಮಾವುಲಿ ಟಾಕಳಕರರನ್ನು ಕೇಳುಗರು ಹೆಸರಿಟ್ಟು ಬಲ್ಲರು. ವಾರಕರಿಯೊಬ್ಬ, ಕೈಯಲ್ಲಿ ಎರಡು ತಾಳ ಮಾತ್ರ ಹಿಡಿದು, ರಾಷ್ಟ್ರದ ದೊಡ್ಡ ವೇದಿಕೆಗಳಲ್ಲಿ ಹೆಸರಾದದ್ದು ಅಪರೂಪ.

ಈಗ ಮೊಬೈಲು ಇದೆ. ಸಪ್ತಾಹ, ಭಜನಿ ಎಲ್ಲವೂ ಪೂರ್ತಿ ದಾಖಲಾಗುತ್ತವೆ, ಮೂರು ನಿಮಿಷದ ಕಟ್ಟು ಇಲ್ಲ. ಆದರೂ ಮೈಕು ಇಡುವುದು ಪೇಟಿಯವನ ಮುಂದೆಯೇ, ಯೂಟ್ಯೂಬಿನ ಪಟದ ಮೇಲೆ ಬರುವುದು ಅವನ ಮುಖವೇ. ಈ ಅಭ್ಯಾಸಕ್ಕೆ ಸೊಪ್ಪು ಹಾಕದಿರುವುದು ಗಡಿಯ ಆಚೀಚೆ ನಡೆಯುವ ಭಜನಿ ಸ್ಪರ್ಧೆಗಳು. ಅಲ್ಲಿ ಮಂಡಳಿಗೆ ಇಷ್ಟೇ ನಿಮಿಷ ಎಂದು ಗಂಟೆ ಹೊಡೆಯುತ್ತಾರೆ, ಗಜರವೆಂಬ ಗುಂಪುಹಾಡನ್ನು ಹಾಡಲೇಬೇಕೆಂಬಂಥ ನಿಯಮಗಳಿರುತ್ತವೆ, ಸೋತ ಮಂಡಳಿಯವರು ತೀರ್ಪುಗಾರರ ಮೇಲೆ ಸಿಟ್ಟಾಗುವುದೂ ಉಂಟು. ಬಹುಮಾನದ ಪಟ್ಟಿಯಲ್ಲಿ ಉತ್ತಮ ಗಾಯಕನ ಕೆಳಗೆ ಉತ್ತಮ ಪಖವಾಜು, ಉತ್ತಮ ತಾಳ, ಅದರ ಕೆಳಗೆ ಉತ್ತಮ ಕೋರಸ್ ಎಂದು ಬೇರೆಬೇರೆ ಕರೆಯುತ್ತಾರೆ. ಕೋರಸ್ಸಿನ ಬಹುಮಾನ ತೆಗೆದುಕೊಳ್ಳಲು ಮಾತ್ರ ಇಡೀ ಮಂಡಳಿ ಎದ್ದು ಹೋಗಬೇಕಾಗುತ್ತದೆ.