ಅಂತರಜಾಲದ ಧ್ವನಿ, ಹಳೆಯ ಫೋನಿನ ಪ್ರತಿಧ್ವನಿ

2002ರ ಏಪ್ರಿಲ್ 1ರಂದು ಭಾರತದಲ್ಲಿ ಅಂತರಜಾಲ ದೂರವಾಣಿಗೆ ಅನುಮತಿ ದೊರೆಯಿತು. ಅದರಲ್ಲೊಂದು ವಿಚಿತ್ರವಿತ್ತು. ಬೆಂಗಳೂರಿನ ಸೈಬರ್ ಕೆಫೆಯ ಕಂಪ್ಯೂಟರಿನಿಂದ ಷಿಕಾಗೊದ ಮನೆಯ ಫೋನಿಗೆ ಕರೆ ಮಾಡಬಹುದಾಗಿತ್ತು. ಧಾರವಾಡದ ಮನೆಯ ಫೋನಿಗೆ ಮಾಡುವಂತಿರಲಿಲ್ಲ. ಅಡ್ಡಿಯಾಗಿದ್ದುದು ಕಾನೂನು. ತಾಂತ್ರಿಕ ತೊಡಕುಗಳು ಆ ವೇಳೆಗೆ ಬಹುಮಟ್ಟಿಗೆ ಬಗೆಹರಿದಿದ್ದವು.

ಗಣಕಜಾಲದಲ್ಲಿ ಧ್ವನಿ ಕಳಿಸುವ ಪ್ರಯೋಗ 1974ರಲ್ಲೇ ಅಮೆರಿಕದ ಆರ್ಪಾನೆಟ್‌ನಲ್ಲಿ ನಡೆದಿತ್ತು. 1995ರಲ್ಲಿ ಇಸ್ರೇಲಿನ ವೋಕಲ್‌ಟೆಕ್ ಕಂಪನಿ ‘ಇಂಟರ್ನೆಟ್ ಫೋನ್’ ತಂತ್ರಾಂಶವನ್ನು ಮಾರಾಟಕ್ಕೆ ತಂದಿತು. ಆದರೆ ಮಾತನಾಡುವ ಇಬ್ಬರೂ ಕಂಪ್ಯೂಟರಿನ ಮುಂದೆಯೇ ಇರಬೇಕಿತ್ತು. ಕೋಟ್ಯಂತರ ಮನೆಗಳಲ್ಲಿದ್ದುದು ಹಳೆಯ ಫೋನು. ಎರಡನ್ನೂ ಬೆಸೆಯಲು ‘ಗೇಟ್‌ವೇ’ ಎಂಬ ಯಂತ್ರ ಬೇಕಾಯಿತು. ಕರೆ ಹೂಡುವ ನಿಯಮಗಳಿಗಾಗಿ 1996ರಲ್ಲಿ ಎಚ್.323, 1999ರಲ್ಲಿ ಸಿಪ್ ಎಂಬ ಮಾನಕಗಳು ಬಂದವು.

ದೂರವಾಣಿ ವಿನಿಮಯ ಕೇಂದ್ರವು ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯುತ್ತದೆ. ಈ 64,000 ಬಿಟ್‌ಗಳಿಗೆ ಕರೆ ಮುಗಿಯುವವರೆಗೆ ಒಂದು ಹಾದಿ ಮೀಸಲು. ಅಂತರಜಾಲದಲ್ಲಿ ಮೀಸಲಾತಿ ಇಲ್ಲ. ಗೇಟ್‌ವೇ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಮಾತನ್ನು, ಅಂದರೆ 160 ಬೈಟ್‌ಗಳನ್ನು ಕೂಡಿಸಿ, ವಿಳಾಸ ಮುಂತಾದ ವಿವರಗಳ 40 ಬೈಟ್ ಹಚ್ಚಿ ಪೊಟ್ಟಣ ಕಟ್ಟುತ್ತದೆ. ಪೊಟ್ಟಣಗಳು ಹಿಂದುಮುಂದಾಗಿ ಬರುವುದರಿಂದ ಆ ತುದಿಯಲ್ಲಿ ಕೊಂಚ ಕಾಯಿಸಿ ಬಿಡಿಸಬೇಕು. ಹೀಗೆ ಕೂಡಿಸುವುದು, ಕಾಯುವುದು ಎಲ್ಲ ಸೇರಿ ಮಾತು ತಡವಾಗುತ್ತದೆ.

ಈ ತಡವು ದೂರವಾಣಿಯ ಹಳೆಯ ದೋಷವೊಂದನ್ನು ಬಯಲಿಗೆಳೆಯಿತು. ಮನೆಯ ಫೋನಿಗೆ ಬರುವುದು ಎರಡೇ ತಂತಿ. ಹೋಗುವ ಮಾತು, ಬರುವ ಮಾತು ಎರಡೂ ಅದರಲ್ಲೇ. ವಿನಿಮಯ ಕೇಂದ್ರದಲ್ಲಿ ‘ಹೈಬ್ರಿಡ್’ ಎಂಬ ಮಂಡಲ ಇವನ್ನು ಬೇರ್ಪಡಿಸುತ್ತದೆ. ತಂತಿಗಳ ಪ್ರತಿಬಾಧೆ ಸರಿಯಾಗಿ ಹೊಂದದೆ, ಬಂದ ಮಾತಿನ ಅಂಶವೊಂದು ಮರಳಿ ಸೋರುತ್ತದೆ. ಸ್ಥಳೀಯ ಕರೆಯಲ್ಲಿ ಅದು ಕೆಲವೇ ಮಿಲಿಸೆಕೆಂಡಿನಲ್ಲಿ ಹಿಂದಿರುಗಿ ನಮ್ಮದೇ ದನಿಯಲ್ಲಿ ಬೆರೆತುಹೋಗುತ್ತದೆ. ನೂರಾರು ಮಿಲಿಸೆಕೆಂಡು ತಡವಾದಾಗ ಮಾತ್ರ ಸ್ಪಷ್ಟ ಪ್ರತಿಧ್ವನಿ! ಕಂಪ್ಯೂಟರಿನ ಮುಂದೆ ಕುಳಿತವರು ಅಂತರಜಾಲವನ್ನು ಬೈದರು. ಪ್ರತಿಫಲನವಾಗುತ್ತಿದ್ದುದು ಹಳೆಯ ಫೋನಿನ ಕಡೆ.

ಮದ್ದು ಮೊದಲೇ ಸಿದ್ಧವಿತ್ತು. ಉಪಗ್ರಹದ ಮೂಲಕ ಸಾಗುವ ಕರೆಗಳಲ್ಲೂ ಇದೇ ಕಾಟವಿದ್ದುದರಿಂದ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1960ರ ದಶಕದಲ್ಲೇ ಪ್ರತಿಧ್ವನಿ ನಿವಾರಕವನ್ನು ರೂಪಿಸಿದ್ದರು. ಆ ಬಗ್ಗೆ 1967ರಲ್ಲಿ ಪ್ರಮುಖ ಪ್ರಬಂಧ ಬರೆದವರು ಮನ್ ಮೋಹನ್ ಸೋಂಧಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಮರಳಬಹುದಾದ ಪ್ರತಿಧ್ವನಿಯನ್ನು ಅಂದಾಜಿಸಿ ಕಳೆಯುವುದು, ಉಳಿದ ತಪ್ಪನ್ನು ನೋಡಿ ಅಂದಾಜನ್ನು ತಿದ್ದಿಕೊಳ್ಳುತ್ತಲೇ ಇರುವುದು ಅದರ ಉಪಾಯ. ಗೇಟ್‌ವೇಗಳಲ್ಲಿ ಅದೇ ಚಿಪ್ಪಿನೊಳಗೆ ಸೇರಿತು.

ಕಾನೂನಿನ ಗಂಟು ಇಷ್ಟು ಸುಲಭವಾಗಿ ಬಿಚ್ಚಲಿಲ್ಲ. ಭಾರಿ ಪರವಾನಗಿ ಶುಲ್ಕ ತೆತ್ತ ದೂರವಾಣಿ ಕಂಪನಿಗಳಿಗೆ ಅಗ್ಗದ ಕರೆಗಳು ಒಪ್ಪಿಗೆಯಿರಲಿಲ್ಲ. ಅದು ತೀರ ಅನ್ಯಾಯದ ವಾದವೇನೂ ಅಲ್ಲ. ನಿರ್ಬಂಧ ತೆಗೆಯುವಂತೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2008ರಲ್ಲಿ ಶಿಫಾರಸು ಮಾಡಿದರೂ, ಪರವಾನಗಿ ಪಡೆದ ದೂರವಾಣಿ ಸಂಸ್ಥೆಗಳಿಗೆ ದಾರಿ ತೆರೆದದ್ದು 2018ರಲ್ಲಿ. ಆ ವರ್ಷ ಬಿಎಸ್‌ಎನ್‌ಎಲ್ ‘ವಿಂಗ್ಸ್’ ಸೇವೆಯನ್ನು ಆರಂಭಿಸಿತು. ಅದರ ಆ್ಯಪ್‌ನಿಂದ ಅಂತರಜಾಲದ ಮೂಲಕ ದೇಶದ ಯಾವುದೇ ಫೋನಿಗೆ, ಧಾರವಾಡಕ್ಕೂ, ಕರೆ ಮಾಡುವಂತಾಯಿತು.